ಗೂಗಲ್‌ನಿಂದ ಬರುವ ಓದುಗರು ದಿಢೀರ್ ಕಡಿಮೆಯಾದರೆ: ಅಪ್‌ಡೇಟೋ, ಪೈಪೋಟಿಯೋ, ನಮ್ಮದೇ ಎಡವಟ್ಟೋ ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಟ್ರಾಫಿಕ್ ಗ್ರಾಫ್ ಕೆಳಗೆ ಬಿದ್ದ ವಾರದಲ್ಲೇ ಥೀಮ್ ಬದಲಾಗುತ್ತದೆ, ಎಸ್‌ಇಒ (ಹುಡುಕಾಟದಲ್ಲಿ ಮೇಲೆ ಬರಲು ನೆರವಾಗುವ) ಪ್ಲಗಿನ್ ಬದಲಾಗುತ್ತದೆ, ಹಳೇ ಲೇಖನಗಳಿಗೆಲ್ಲ ಹೊಸ ದಿನಾಂಕ ಬೀಳುತ್ತದೆ, ಐವತ್ತು ಪುಟ ಡಿಲೀಟ್ ಆಗುತ್ತವೆ. ಎರಡು ತಿಂಗಳ ನಂತರ ಟ್ರಾಫಿಕ್ ಮರಳಿದರೂ ಯಾವುದರಿಂದ ಮರಳಿತು ಅಂತ ಗೊತ್ತಾಗುವುದಿಲ್ಲ. ಮರಳದಿದ್ದರೆ ಇನ್ನೂ ಕಷ್ಟ, ಏಕೆಂದರೆ ಮೂಲ ಕಾರಣದ ಗುರುತನ್ನೆಲ್ಲ ನಾವೇ ಅಳಿಸಿಹಾಕಿರುತ್ತೇವೆ.

ಓದುಗರು ಕಡಿಮೆಯಾಗುವುದಕ್ಕೆ ಕಾರಣಗಳು ಹತ್ತಾರು ಕಂಡರೂ ಜಾತಿ ನಾಲ್ಕೇ. ಜನ ಆ ವಿಷಯ ಹುಡುಕುವುದೇ ಕಡಿಮೆಯಾಗಿರಬಹುದು. ನೀವು ಇದ್ದಲ್ಲೇ ಇದ್ದು, ಫಲಿತಾಂಶದ ಪುಟವೇ ಕ್ಲಿಕ್‌ಗಳನ್ನು ನುಂಗುತ್ತಿರಬಹುದು. ನಿಮ್ಮ ಸ್ಥಾನ ಕೆಳಗಿಳಿದಿರಬಹುದು. ಅಥವಾ ನಿಮ್ಮ ಪುಟಗಳು ಗೂಗಲ್‌ನ ಇಂಡೆಕ್ಸ್‌ನಿಂದಲೇ, ಅಂದರೆ ಫಲಿತಾಂಶಕ್ಕಾಗಿ ಅದು ಇಟ್ಟುಕೊಂಡ ಪುಟಗಳ ಪಟ್ಟಿಯಿಂದಲೇ, ಹೊರಬಿದ್ದಿರಬಹುದು. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾನಿಯನ್ನೂ ಮಾಡೀತು. ಹಾಗಾಗಿ ತಾಂತ್ರಿಕ ತಪ್ಪೋ ಹ್ಯಾಕೋ ಸಿಕ್ಕರೆ ಹೊರತು, ಮೊದಲ ಎರಡು ದಿನ ಸೈಟಿನಲ್ಲಿ ಏನನ್ನೂ ಮುಟ್ಟದೆ, ಕೆಳಗಿನ ಕ್ರಮದಲ್ಲಿ ಲೆಕ್ಕ ತೆಗೆಯಿರಿ.

ಕೈಯಲ್ಲಿ ಏನೇನು ಬೇಕು

ನಿಮ್ಮ ಸೈಟ್ ಗೂಗಲ್ ಹುಡುಕಾಟದಲ್ಲಿ ಎಷ್ಟು ಸಲ ಕಂಡಿತು, ಎಷ್ಟು ಕ್ಲಿಕ್ ಬಂತು ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಇಲ್ಲದೆ ಈ ಕೆಲಸ ಆಗದು. ನೋಂದಾಯಿಸುವಾಗ ‘ಡೊಮೇನ್ ಪ್ರಾಪರ್ಟಿ’ಯನ್ನೇ ಆರಿಸಿ. ಆಗ ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವುದು, ಇಲ್ಲದ್ದು, ಸಬ್‌ಡೊಮೇನ್‌ಗಳು ಎಲ್ಲವೂ ಒಂದೇ ಲೆಕ್ಕಕ್ಕೆ ಬರುತ್ತವೆ. ಇದರಲ್ಲಿ ಹಿಂದಿನ 16 ತಿಂಗಳ ಮಾಹಿತಿ ಮಾತ್ರ ಉಳಿಯುತ್ತದೆ. ಅದಕ್ಕಿಂತ ಹಳೆಯದು ಬೇಕೆಂದರೆ ಪ್ರತಿ ತಿಂಗಳು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವುದು ಸುಲಭದ ದಾರಿ. ಪರದೆಯ ಮೇಲಿನ ಪಟ್ಟಿಯಲ್ಲಿ ಹೆಚ್ಚೆಂದರೆ 1,000 ಸಾಲು ಕಾಣುತ್ತದೆ ಅನ್ನುವುದೂ ನೆನಪಿರಲಿ.

ಇದರ ಜೊತೆಗೆ ಸೈಟಿಗೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್, ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್, ಗೂಗಲ್ ಟ್ರೆಂಡ್ಸ್, ಗೂಗಲ್‌ನ ‘ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್’ ಮತ್ತು ಒಂದು ಸ್ಪ್ರೆಡ್‌ಶೀಟ್ ಸಾಕು. ದುಡ್ಡು ಕೊಟ್ಟು ಕೊಳ್ಳುವ ರ‍್ಯಾಂಕ್ ಟ್ರ್ಯಾಕರ್‌ಗಳು (ಫಲಿತಾಂಶದಲ್ಲಿ ನಿಮ್ಮ ಸ್ಥಾನ ಎಣಿಸುವ ಉಪಕರಣಗಳು) ಕನ್ನಡದ ಹುಡುಕುಪದಗಳ ಮಟ್ಟಿಗೆ ಕೊಡುವ ಮಾಹಿತಿ ತೆಳು. ಮೊದಲ ಹಂತದ ತನಿಖೆಗೆ ಅವುಗಳ ಅಗತ್ಯ ಬೀಳುವುದಿಲ್ಲ.

ಹಂತ 1: ಇಳಿದದ್ದು ನಿಜವೇ ಅಂತ ಖಚಿತ ಮಾಡಿಕೊಳ್ಳಿ

ಅನಲಿಟಿಕ್ಸ್‌ನಲ್ಲಿ ಇಳಿಕೆ ಕಂಡು, ಸರ್ಚ್ ಕನ್ಸೋಲ್‌ನ ಕ್ಲಿಕ್‌ಗಳು ಹಾಗೇ ಇದ್ದರೆ ಓದುಗರು ಎಲ್ಲೂ ಹೋಗಿಲ್ಲ, ಎಣಿಸುವ ಕೋಡ್ ಕೈಕೊಟ್ಟಿದೆ. ಥೀಮ್ ಅಪ್‌ಡೇಟ್ ಆದಾಗ ಹೆಡರ್‌ನಲ್ಲಿದ್ದ ಟ್ಯಾಗ್ ಅಳಿಸಿಹೋಗುವುದು, ಕುಕೀ ಒಪ್ಪಿಗೆಯ ಬ್ಯಾನರ್ ಹಾಕಿದ ಮೇಲೆ ಒಪ್ಪದವರು ಲೆಕ್ಕಕ್ಕೆ ಸಿಗದಿರುವುದು ಇವೆಲ್ಲ ಮಾಮೂಲು.

ಎರಡೂ ಕಡೆ ಇಳಿದಿದ್ದರೆ ಅದು ಸರ್ಚ್‌ನದೋ ಡಿಸ್ಕವರ್‌ನದೋ ನೋಡಿ. ಮೊಬೈಲಿನ ಗೂಗಲ್ ಆ್ಯಪ್‌ನಲ್ಲಿ, ಕ್ರೋಮ್‌ನ ಹೊಸ ಟ್ಯಾಬ್‌ನಲ್ಲಿ ತಾನಾಗಿ ಕಾಣಿಸುವ ಸುದ್ದಿಪಟ್ಟಿಯೇ ಡಿಸ್ಕವರ್. ಅಲ್ಲಿ ಯಾರೂ ಏನನ್ನೂ ಹುಡುಕಿರುವುದಿಲ್ಲ. ಒಂದು ಲೇಖನ ಅಲ್ಲಿ ಕಾಣಿಸಿದರೆ ಎರಡು ದಿನ ಜಾತ್ರೆ, ಮೂರನೇ ದಿನ ಖಾಲಿ ಬಯಲು. ಸುದ್ದಿ, ಸಿನಿಮಾ, ಸರ್ಕಾರಿ ಯೋಜನೆ ಬರೆಯುವ ಸೈಟುಗಳಲ್ಲಿ ‘ರ‍್ಯಾಂಕ್ ಹೋಯ್ತು’ ಎಂಬ ಗಾಬರಿಯನ್ನು ಬಿಡಿಸಿ ನೋಡಿದರೆ ಎಷ್ಟೋ ಸಲ ಸಿಗುವುದು ಡಿಸ್ಕವರ್ ಇಳಿಕೆ. ಸರ್ಚ್ ಕನ್ಸೋಲ್‌ನಲ್ಲಿ ಅದಕ್ಕೆ ಪ್ರತ್ಯೇಕ ವರದಿ ಇದೆ. ಎರಡನ್ನೂ ಕೂಡಿಸಿ ನೋಡಬೇಡಿ.

ಇನ್ನೊಂದು ಬಲೆ 2025ರ ಸೆಪ್ಟೆಂಬರ್‌ನದು. ಒಂದೇ ಪುಟದಲ್ಲಿ 100 ಫಲಿತಾಂಶ ತೋರಿಸುವ ಸೌಲಭ್ಯವನ್ನು ಗೂಗಲ್ ಆಗ ಕೈಬಿಟ್ಟಿತು. ಅಲ್ಲಿಯವರೆಗೆ ರ‍್ಯಾಂಕ್ ಎಣಿಸುವ ಯಂತ್ರಗಳು ಆ ದಾರಿಯಲ್ಲಿ ನೂರು ಫಲಿತಾಂಶಗಳನ್ನೂ ಒಮ್ಮೆಗೇ ಎಳೆಯುತ್ತಿದ್ದವು; 80ನೇ ಸ್ಥಾನದಲ್ಲಿದ್ದ ನಿಮ್ಮ ಪುಟಕ್ಕೂ ಒಂದು ಇಂಪ್ರೆಷನ್ (ಫಲಿತಾಂಶದಲ್ಲಿ ಕಂಡ ಎಣಿಕೆ) ದಾಖಲಾಗುತ್ತಿತ್ತು. ಅದು ನಿಂತ ಮೇಲೆ ಅನೇಕ ಸೈಟುಗಳ ಡೆಸ್ಕ್‌ಟಾಪ್ ಇಂಪ್ರೆಷನ್ ಕುಸಿಯಿತು, ಸರಾಸರಿ ಸ್ಥಾನ ಏಕಾಏಕಿ ಸುಧಾರಿಸಿತು, ಕ್ಲಿಕ್ ಮಾತ್ರ ಹಾಗೇ ಉಳಿಯಿತು. ನಿಮ್ಮ ಗ್ರಾಫ್‌ನಲ್ಲಿ ಆ ತಿಂಗಳ ನಡುವೆ ಇಂಥ ಮೆಟ್ಟಿಲು ಕಂಡರೆ ಅದನ್ನು ನಷ್ಟದ ಲೆಕ್ಕಕ್ಕೆ ಸೇರಿಸಬೇಡಿ.

ಹೋಲಿಕೆಯ ಅವಧಿ ಯಾವಾಗಲೂ ಪೂರ್ತಿ ವಾರಗಳಲ್ಲಿರಲಿ. 30 ದಿನಕ್ಕೆ ಬದಲು 28 ದಿನ ಇಟ್ಟರೆ ಎರಡೂ ಕಡೆ ನಾಲ್ಕೇ ಭಾನುವಾರ ಬರುತ್ತವೆ. ಇನ್ನೊಂದು ಹೋಲಿಕೆ ಹಿಂದಿನ ವರ್ಷದ ಅದೇ ಅವಧಿಯ ಜೊತೆ. ಸರ್ಚ್ ಕನ್ಸೋಲ್‌ನ ದಿನವಾರು ಲೆಕ್ಕ ಅಮೆರಿಕದ ಪೆಸಿಫಿಕ್ ಸಮಯದ್ದು. ನಮ್ಮ ಮಧ್ಯಾಹ್ನ 12:30ಕ್ಕೆ, ಚಳಿಗಾಲದಲ್ಲಿ 1:30ಕ್ಕೆ, ಅಲ್ಲಿ ದಿನ ಬದಲಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಸರ್ವರ್ ಮಲಗಿದ್ದರೆ ಅದರ ಪೆಟ್ಟು ಹಿಂದಿನ ತಾರೀಖಿನಲ್ಲಿ ಕಾಣಿಸುತ್ತದೆ. ಅನಲಿಟಿಕ್ಸ್ ಭಾರತದ ಸಮಯಕ್ಕಿದ್ದರೆ ಎರಡರ ತಾರೀಖೂ ತಾಳೆಯಾಗುವುದಿಲ್ಲ.

ಹಂತ 2: ಮನೆಯೊಳಗಿನ ಎಡವಟ್ಟು ಇದೆಯೇ

ಇದಕ್ಕೆ ಅರ್ಧ ಗಂಟೆ ಸಾಕು. ಆದರೂ ಗೂಗಲ್ ತನ್ನ ಫಲಿತಾಂಶಗಳ ಕ್ರಮ ಬದಲಿಸುವ ಅಪ್‌ಡೇಟ್‌ಗಳ ಸುದ್ದಿ ಓದುವುದಕ್ಕೆ ಮೊದಲೇ ಇದನ್ನು ಮುಗಿಸಿ.

ಸರ್ಚ್ ಕನ್ಸೋಲ್‌ನಲ್ಲಿ ‘ಮ್ಯಾನ್ಯುಯಲ್ ಆ್ಯಕ್ಷನ್ಸ್’ ಮತ್ತು ‘ಸೆಕ್ಯುರಿಟಿ ಇಶ್ಯೂಸ್’ ತೆರೆಯಿರಿ. ಎರಡರಲ್ಲೂ ಏನೂ ಇಲ್ಲದಿದ್ದರೆ ಗೂಗಲ್‌ನ ಸಿಬ್ಬಂದಿ ಕೈಯಾರೆ ವಿಧಿಸಿದ ಶಿಕ್ಷೆ ಇಲ್ಲ ಅಂತ ಅರ್ಥ. ‘ಪೆನಾಲ್ಟಿ ಬಿದ್ದಿದೆ, ತೆಗೆಸಿಕೊಡುತ್ತೇವೆ’ ಎಂದು ಫೋನ್ ಮಾಡುವವರಿಗೆ ಈ ಪುಟದ ಸ್ಕ್ರೀನ್‌ಶಾಟ್ ಕೇಳಿ; ಅಲ್ಲಿಗೆ ಮಾತು ಮುಗಿಯುತ್ತದೆ.

ಅತಿ ಹೆಚ್ಚು ಕ್ಲಿಕ್ ಕಳೆದುಕೊಂಡ ಐದು ಪುಟಗಳನ್ನು ‘ಯುಆರ್‌ಎಲ್ ಇನ್‌ಸ್ಪೆಕ್ಷನ್’ನಲ್ಲಿ ಹಾಕಿ. ನೋಡಬೇಕಾದದ್ದು ಮೂರು: ಪುಟ ಇಂಡೆಕ್ಸ್‌ನಲ್ಲಿದೆಯೇ, ಒಂದೇ ಬರಹದ ಪ್ರತಿಗಳಲ್ಲಿ ಮೂಲವೆಂದು ಗೂಗಲ್ ಆರಿಸಿದ ಕ್ಯಾನೊನಿಕಲ್ ವಿಳಾಸ ನಿಮ್ಮದೇ ಪುಟದ್ದೇ, ‘ಟೆಸ್ಟ್ ಲೈವ್ ಯುಆರ್‌ಎಲ್’ ಒತ್ತಿದಾಗ ಬರುವ ಚಿತ್ರದಲ್ಲಿ ನಿಮ್ಮ ಬರಹ ಪೂರ್ತಿ ಕಾಣುತ್ತದೆಯೇ. ಅಲ್ಲಿ ಖಾಲಿ ಪುಟವೋ ‘ನೀವು ಮನುಷ್ಯರೇ’ ಎಂದು ಕೇಳುವ ಪರದೆಯೋ ಬಂದರೆ ಪುಟ ಓದಲು ಬರುವ ಗೂಗಲ್‌ನ ಯಂತ್ರ ಗೂಗಲ್‌ಬಾಟನ್ನೇ ಫೈರ್‌ವಾಲ್ ತಡೆಯುತ್ತಿದೆ. ಹೋಸ್ಟಿಂಗ್ ಕಂಪನಿಗಳು ಬಾಟ್ ತಡೆಯನ್ನು ತಾವಾಗಿ ಬಿಗಿ ಮಾಡಿದಾಗ ಹೀಗಾಗುತ್ತದೆ. ಮಾಲೀಕರಿಗೆ ಸುಳಿವೂ ಇರುವುದಿಲ್ಲ.

ವರ್ಡ್‌ಪ್ರೆಸ್ ಸೈಟಾದರೆ ಸೆಟ್ಟಿಂಗ್ಸ್‌ನ ‘ರೀಡಿಂಗ್’ ಪುಟದಲ್ಲಿ, ಸರ್ಚ್ ಎಂಜಿನ್‌ಗಳು ಬರದಂತೆ ಕೋರುವ ಚೌಕಕ್ಕೆ ಟಿಕ್ ಬಿದ್ದಿಲ್ಲ ತಾನೇ ನೋಡಿ. ಹೊಸ ವಿನ್ಯಾಸವನ್ನು ಪರೀಕ್ಷಾ ಸೈಟಿನಲ್ಲಿ ಮಾಡಿ ಮುಖ್ಯ ಸೈಟಿಗೆ ತಂದಾಗ ಈ ಟಿಕ್ ಕೂಡ ಜೊತೆಗೆ ಬಂದುಬಿಡುತ್ತದೆ. ಇದರ ಇಳಿಜಾರು ನಿಧಾನ: ಗೂಗಲ್ ಒಂದೊಂದೇ ಪುಟಕ್ಕೆ ಮತ್ತೆ ಬಂದು ನೋಇಂಡೆಕ್ಸ್ (ಇಂಡೆಕ್ಸ್ ಮಾಡಬೇಡಿ ಎಂಬ ಸೂಚನೆ) ಕಂಡಂತೆಲ್ಲ ಪಟ್ಟಿಯಿಂದ ತೆಗೆಯುತ್ತಾ ಹೋಗುತ್ತದೆ. ಅಪ್‌ಡೇಟ್ ಪೆಟ್ಟಿನಂತೆಯೇ ಕಾಣುವ ಕಾರಣ ಗೊಂದಲ.

‘ಪೇಜಸ್’ ವರದಿಯಲ್ಲಿ ಇಂಡೆಕ್ಸ್ ಆಗದ ಪುಟಗಳ ಕಾರಣಗಳನ್ನು ಓದಿ. ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಸಂಖ್ಯೆ ಏರುತ್ತಿದ್ದರೆ ಗೂಗಲ್ ಬಂದು ನೋಡಿ, ಸದ್ಯಕ್ಕೆ ಇಟ್ಟುಕೊಳ್ಳುವುದು ಬೇಡ ಅಂದುಕೊಂಡಿದೆ. ಸಾಮಾನ್ಯವಾಗಿ ಇದು ಬರಹದ ಪ್ರಶ್ನೆ. ‘ಡಿಸ್ಕವರ್ಡ್’ ಗುಂಪು ಏರುತ್ತಿದ್ದರೆ ಇನ್ನೂ ಬಂದೇ ಇಲ್ಲ. ಸರ್ವರ್ ನಿಧಾನವಿರಬಹುದು ಅಥವಾ ಒಳಗಿನ ಕೊಂಡಿಗಳು ಸಾಲದಿರಬಹುದು. ಸೆಟ್ಟಿಂಗ್ಸ್ ಒಳಗಿನ ‘ಕ್ರಾಲ್ ಸ್ಟ್ಯಾಟ್ಸ್’ನಲ್ಲಿ 5ರಿಂದ ಶುರುವಾಗುವ ಸರ್ವರ್ ದೋಷಗಳು, ಉತ್ತರದ ಸರಾಸರಿ ಸಮಯ ಎರಡೂ ಸಿಗುತ್ತವೆ.

ವಿಳಾಸ ಬದಲಾವಣೆಯ ಬಗ್ಗೆ ಕನ್ನಡ ಸೈಟುಗಳಿಗೆ ಒಂದು ವಿಶೇಷ ಎಚ್ಚರಿಕೆ. ಯುಆರ್‌ಎಲ್‌ನಲ್ಲಿ ಕನ್ನಡ ಲಿಪಿ ಬಳಸಿದರೆ ಒಂದೊಂದು ಕನ್ನಡ ಚಿಹ್ನೆಯೂ ಒಳಗೆ ಒಂಬತ್ತು ಅಕ್ಷರಗಳ ಸಂಕೇತವಾಗಿ ಬದಲಾಗುತ್ತದೆ. ಒತ್ತಕ್ಷರ, ಗುಣಿತ ಚಿಹ್ನೆಗಳಿಗೂ ಪ್ರತ್ಯೇಕ ಒಂಬತ್ತು. ವರ್ಡ್‌ಪ್ರೆಸ್ ಈ ಸಂಕೇತವನ್ನು 200 ಅಕ್ಷರಕ್ಕೆ ಕತ್ತರಿಸುವುದರಿಂದ ಶೀರ್ಷಿಕೆಯ ಮೊದಲ 22 ಚಿಹ್ನೆಗಳಷ್ಟೇ ಉಳಿಯುತ್ತವೆ. ಒಂದೇ ರೀತಿ ಶುರುವಾಗುವ ಶೀರ್ಷಿಕೆಗಳ ವಿಳಾಸಗಳು ಬಾಲಕ್ಕೆ 2, 3 ಎಂದು ಅಂಟಿಸಿಕೊಂಡು ಹುಟ್ಟುತ್ತವೆ. ಹೀಗಿದೆ ಅಂತ ಹಳೇ ವಿಳಾಸಗಳನ್ನು ಈಗ ಬದಲಿಸಲು ಹೋಗಬೇಡಿ. ಹೊಸ ಲೇಖನಗಳಿಗೆ ಮಾತ್ರ ಚಿಕ್ಕ ವಿಳಾಸ ಕೊಡಿ. ಬದಲಿಸಲೇಬೇಕಾಗಿ ಬಂದರೆ ಪ್ರತಿ ಹಳೇ ವಿಳಾಸದಿಂದ ಅದರದೇ ಹೊಸ ಪುಟಕ್ಕೆ 301 ರಿಡೈರೆಕ್ಟ್ (ಹೊಸ ವಿಳಾಸಕ್ಕೆ ಕಾಯಂ ಆಗಿ ತಿರುಗಿಸುವ ಸೂಚನೆ) ಹಾಕಿ, ಕನಿಷ್ಠ ಒಂದು ವರ್ಷ ಉಳಿಸಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ಇಲ್ಲದ ಪುಟ ಎಂದೇ ಎಣಿಸುತ್ತದೆ.

ಕೊನೆಗೆ, ನಿಮ್ಮ ಡೊಮೇನ್‌ಗೆ ಸೀಮಿತವಾಗಿ ಗೂಗಲ್‌ನಲ್ಲಿ ಹುಡುಕಿ. ಜಪಾನಿ ಲಿಪಿಯ ಶೀರ್ಷಿಕೆಗಳೋ ಔಷಧಿ ಜಾಹೀರಾತುಗಳೋ ಕಂಡರೆ ಸೈಟ್ ಹ್ಯಾಕ್ ಆಗಿದೆ. ಮಿಕ್ಕ ಹಂತಗಳನ್ನು ಬಿಟ್ಟು ಮೊದಲು ಅದನ್ನು ತೊಳೆಯಿರಿ.

ಹಂತ 3: ಮೂರು ಅಂಕಿಗಳನ್ನು ಒಟ್ಟಿಗೆ ಓದಿ

ಪತ್ತೆಯ ಮುಕ್ಕಾಲು ಪಾಲು ಇಲ್ಲೇ ಆಗುವುದು. ‘ಪರ್ಫಾರ್ಮೆನ್ಸ್’ ವರದಿಯಲ್ಲಿ ನಾಲ್ಕೂ ಚೌಕ ಆನ್ ಮಾಡಿ, 28 ದಿನಗಳ ಹೋಲಿಕೆ ಹಾಕಿ, ‘ಪೇಜಸ್’ ಟ್ಯಾಬ್‌ನಲ್ಲಿ ಕ್ಲಿಕ್ ವ್ಯತ್ಯಾಸದ ಮೇಲೆ ವಿಂಗಡಿಸಿ. ಇಡೀ ಸೈಟಿನ ಸರಾಸರಿಯಿಂದ ಏನೂ ಸಿಗದು. ಒಂದೊಂದೇ ಪುಟ, ಆ ಪುಟದ ಒಂದೊಂದೇ ಹುಡುಕುಪದ ನೋಡಬೇಕು.

ಇಂಪ್ರೆಷನ್ ಇಳಿದು, ಸ್ಥಾನ ಹಾಗೇ ಇದ್ದರೆ ಹುಡುಕುವವರೇ ಕಡಿಮೆ. ಇಂಪ್ರೆಷನ್, ಸ್ಥಾನ ಎರಡೂ ಹಾಗೇ ಇದ್ದು ಸಿಟಿಆರ್ (ಇಂಪ್ರೆಷನ್‌ಗಳಲ್ಲಿ ಕ್ಲಿಕ್ ಆದವುಗಳ ಶೇಕಡಾವಾರು) ಇಳಿದಿದ್ದರೆ ಫಲಿತಾಂಶದ ಪುಟದ ರೂಪ ಬದಲಾಗಿದೆ: ಮೇಲೆ ಎಐ ಉತ್ತರ, ವಿಡಿಯೊ ಸಾಲು ಅಥವಾ ಜಾಹೀರಾತು ಬಂದಿದೆ. ಸ್ಥಾನವೇ ಇಳಿದು ಅದರ ಹಿಂದೆ ಉಳಿದೆರಡೂ ಇಳಿದಿದ್ದರೆ ಅಪ್‌ಡೇಟ್ ಅಥವಾ ಪೈಪೋಟಿ. ಇಂಪ್ರೆಷನ್ ಸೊನ್ನೆಯ ಹತ್ತಿರಕ್ಕೆ ಕಡಿದು ಬಿದ್ದಿದ್ದರೆ ಹಂತ 2ಕ್ಕೆ ವಾಪಸ್.

ವಾಸ್ತವದಲ್ಲಿ ಎರಡು ಕಾರಣ ಬೆರೆತಿರುತ್ತವೆ. ಆಗ ನಷ್ಟವನ್ನು ಪಾಲು ಮಾಡಬೇಕು. ಲೆಕ್ಕಕ್ಕೆ ಒಂದು ಪುಟ ತೆಗೆದುಕೊಳ್ಳಿ. ಮೊದಲ ಅವಧಿಯಲ್ಲಿ 40,000 ಇಂಪ್ರೆಷನ್, ಶೇ 10 ಸಿಟಿಆರ್, ಅಂದರೆ 4,000 ಕ್ಲಿಕ್. ಎರಡನೆಯದರಲ್ಲಿ 30,000 ಇಂಪ್ರೆಷನ್, ಶೇ 6 ಸಿಟಿಆರ್, ಅಂದರೆ 1,800 ಕ್ಲಿಕ್. ಒಟ್ಟು ನಷ್ಟ 2,200. ಕಳೆದುಹೋದ 10,000 ಇಂಪ್ರೆಷನ್‌ಗೆ ಹಳೇ ಸಿಟಿಆರ್ ಹಾಕಿದರೆ 1,000 ಕ್ಲಿಕ್. ಇದು ಬೇಡಿಕೆಯ ನಷ್ಟ. ಉಳಿದ 30,000ಕ್ಕೆ ಶೇ 4ರ ಇಳಿಕೆ ಹಾಕಿದರೆ 1,200 ಕ್ಲಿಕ್. ಇದು ಸಿಟಿಆರ್ ನಷ್ಟ. ಬರಹ ತಿದ್ದಿ ನೀವು ವಾಪಸ್ ಪಡೆಯಲು ಸಾಧ್ಯವಿರುವುದು ಹೆಚ್ಚೆಂದರೆ ಈ ಎರಡನೆಯದನ್ನು. ಗ್ರಾಹಕರಿಗೋ ಸಂಪಾದಕರಿಗೋ ವರದಿ ಕೊಡುವವರು ಈ ಎರಡು ಸಾಲು ಬರೆದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಸರಾಸರಿ ಸ್ಥಾನ ಎನ್ನುವುದು ಮೋಸದ ಅಂಕಿ. ಒಂದು ಹುಡುಕುಪದಕ್ಕೆ 3ನೇ ಸ್ಥಾನದಲ್ಲಿ 100 ಇಂಪ್ರೆಷನ್ ಇದೆ. ಈಗ ಅದೇ ಪುಟ ಬೇರೊಂದು ಹುಡುಕುಪದಕ್ಕೆ 57ನೇ ಸ್ಥಾನದಲ್ಲಿ 100 ಇಂಪ್ರೆಷನ್ ಪಡೆಯಿತು ಅನ್ನಿ. ಸರಾಸರಿ 30ಕ್ಕೆ ಬಿತ್ತು, ಆದರೆ ನೀವು ಕಳೆದುಕೊಂಡದ್ದು ಏನೂ ಇಲ್ಲ.

ಕನ್ನಡ ಸೈಟುಗಳಿಗೆ ಇಲ್ಲಿ ಇನ್ನೊಂದು ಕೆಲಸ ಉಂಟು. ನಮ್ಮ ಓದುಗರು ಮೂರು ರೀತಿ ಹುಡುಕುತ್ತಾರೆ: ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಅಪ್ಪಟ ಇಂಗ್ಲಿಷಿನಲ್ಲಿ. ಮೂರಕ್ಕೂ ಫಲಿತಾಂಶ ಬೇರೆ, ಎದುರಾಳಿಗಳೂ ಬೇರೆ. ಕ್ವೆರಿ (ಹುಡುಕುಪದ) ಫಿಲ್ಟರ್‌ನಲ್ಲಿ ‘ಕಸ್ಟಮ್ ರೆಜೆಕ್ಸ್’ (ಅಕ್ಷರಗಳ ಮಾದರಿ ಕೊಟ್ಟು ಸೋಸುವ ಆಯ್ಕೆ) ಆರಿಸಿ [ಅ-ಹ] ಎಂದು ಬರೆದರೆ ಕನ್ನಡ ಲಿಪಿಯ ಹುಡುಕಾಟಗಳಷ್ಟೇ ಉಳಿಯುತ್ತವೆ. ‘ಹೊಂದದಿರುವುದು’ ಎಂಬ ಆಯ್ಕೆ ಒತ್ತಿದರೆ ಉಳಿದವು. ಇಳಿಕೆ ಒಂದೇ ಗುಂಪಿನಲ್ಲಿದ್ದರೆ ಹುಡುಕಾಟದ ಜಾಗ ಅರ್ಧಕ್ಕಿಳಿಯಿತು. ಕಾಗುಣಿತ ಭೇದಗಳನ್ನೂ ಕೂಡಿಸಿಕೊಳ್ಳಿ: ಗೃಹಲಕ್ಷ್ಮಿ|ಗೃಹಲಕ್ಷ್ಮೀ|ಗೃಹ ಲಕ್ಷ್ಮಿ ಎಂದು ನಡುವೆ ಗೆರೆ ಹಾಕಿ ಕೊಟ್ಟರೆ ಮೂರೂ ಒಟ್ಟಿಗೆ ಬರುತ್ತವೆ. ಒಂದು ಮಿತಿ ಇದೆ. ಬೆರಳೆಣಿಕೆಯ ಜನ ಮಾತ್ರ ಹುಡುಕಿದ ಪದಗಳನ್ನು ಖಾಸಗಿತನದ ಕಾರಣಕ್ಕೆ ಗೂಗಲ್ ತೋರಿಸುವುದಿಲ್ಲ, ಕ್ವೆರಿ ಫಿಲ್ಟರ್ ಹಾಕಿದ ಕೂಡಲೇ ಅವು ಮೊತ್ತದಿಂದಲೂ ಹೊರಬೀಳುತ್ತವೆ. ಫಿಲ್ಟರ್ ಹಾಕಿದ ಮೊತ್ತವನ್ನು ಹಾಕದ ಮೊತ್ತದ ಜೊತೆ ಹೋಲಿಸಿದರೆ ಇಲ್ಲದ ನಷ್ಟ ಕಾಣುತ್ತದೆ.

ಬೇಡಿಕೆ ಇಳಿದಿದೆ ಎಂಬ ಅನುಮಾನವಿದ್ದರೆ ಗೂಗಲ್ ಟ್ರೆಂಡ್ಸ್‌ನಲ್ಲಿ ಪ್ರದೇಶವನ್ನು ಕರ್ನಾಟಕ ಎಂದಿಟ್ಟು, ಐದು ವರ್ಷದ ಅವಧಿ ಹಾಕಿ ತಾಳೆ ನೋಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ, ಸಿಇಟಿ, ಯುಗಾದಿಯ ಪಂಚಾಂಗ, ದಸರಾ ಇವೆಲ್ಲ ವರ್ಷಕ್ಕೊಮ್ಮೆ ಏಳುವ ಅಲೆಗಳು. ಅಲೆ ಇಳಿದದ್ದಕ್ಕೆ ಲೇಖನ ತಿದ್ದಿ ಫಲವಿಲ್ಲ.

ಹಂತ 4: ಅಪ್‌ಡೇಟ್ ದಿನಾಂಕಗಳ ಜೊತೆ ತಾಳೆ ನೋಡಿ

ಗೂಗಲ್ ವರ್ಷಕ್ಕೆ ಕೆಲವು ಸಲ ‘ಕೋರ್ ಅಪ್‌ಡೇಟ್’ ಬಿಡುತ್ತದೆ, ಅಂದರೆ ಪುಟಗಳ ಸ್ಥಾನ ನಿರ್ಧರಿಸುವ ವ್ಯವಸ್ಥೆಯಲ್ಲಿ ದೊಡ್ಡ ಬದಲಾವಣೆ ಮಾಡುತ್ತದೆ. ಶುರುವಾದ ಮತ್ತು ಮುಗಿದ ದಿನ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿರುತ್ತದೆ. 2024ರ ಮಾರ್ಚ್ 5ರಂದು ಶುರುವಾದದ್ದು ಏಪ್ರಿಲ್ 19ಕ್ಕೆ ಮುಗಿಯಿತು, 45 ದಿನ. ಅದೇ ವರ್ಷ ಡಿಸೆಂಬರ್ 12ರದು ಆರೇ ದಿನದಲ್ಲಿ ಮುಗಿಯಿತು. 2025ರಲ್ಲಿ ಮಾರ್ಚ್ 13ರಿಂದ 27ರವರೆಗೆ ಒಂದು, ಜೂನ್ 30ರಿಂದ ಜುಲೈ 17ರವರೆಗೆ ಇನ್ನೊಂದು. ಸ್ಪ್ಯಾಮ್ ಅಪ್‌ಡೇಟ್‌ಗಳು, ಅಂದರೆ ಅಡ್ಡದಾರಿಯಲ್ಲಿ ಮೇಲೇರುವ ಪುಟಗಳ ವಿರುದ್ಧದವು, ಬೇರೆ.

ಅಪ್‌ಡೇಟ್ ಹರಡುವಾಗ ಸ್ಥಾನಗಳು ಮೇಲೆ ಕೆಳಗೆ ಆಗುತ್ತಲೇ ಇರುತ್ತವೆ. ಆ ನಡುವಿನ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ಮುಗಿದ ಮೇಲೆ ಒಂದು ಪೂರ್ತಿ ವಾರ ಕಾದು, ಆ ವಾರವನ್ನು ಅಪ್‌ಡೇಟ್ ಶುರುವಾಗುವ ಮುಂಚಿನ ವಾರದ ಜೊತೆ ಹೋಲಿಸಿ. 3ರಿಂದ 5ಕ್ಕೆ ಇಳಿದ ಪುಟವನ್ನು ಮುಟ್ಟಬೇಡಿ. 4ರಿಂದ 30ಕ್ಕೆ ಬಿದ್ದ ಪುಟಗಳು ಹತ್ತಾರಿದ್ದರೆ ಆಗ ಕೂತು ಓದಿ.

ದಿನಾಂಕ ಕೂಡಿಬಂದ ಮಾತ್ರಕ್ಕೆ ಅಪ್‌ಡೇಟೇ ಕಾರಣ ಅನ್ನಲಾಗದು. ಮೇಲೆ ಹೇಳಿದ 2024ರ ಮಾರ್ಚ್ ಅಪ್‌ಡೇಟ್ ನಡೆಯುತ್ತಿದ್ದಾಗಲೇ, ಮಾರ್ಚ್ 16ರಂದು, ಲೋಕಸಭಾ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಯಾಯಿತು. ಹೊಸ ಯೋಜನೆಗಳ ಸುದ್ದಿ ನಿಂತು, ಅಭ್ಯರ್ಥಿ, ಮತಗಟ್ಟೆಗಳ ಸುದ್ದಿ ಶುರುವಾದ ಹೊತ್ತು ಅದು. ಯೋಜನೆಗಳ ಬಗ್ಗೆ ಬರೆಯುವ ಕನ್ನಡ ಸೈಟೊಂದು ಆ ಅವಧಿಯ ಇಳಿಕೆಯನ್ನೆಲ್ಲ ಗೂಗಲ್ ತಲೆಗೆ ಕಟ್ಟಿದರೆ ತಪ್ಪು ಉತ್ತರ ಸಿಗುತ್ತದೆ. ಇಂಥಲ್ಲಿ ಬಿಂಗ್ ನೆರವಿಗೆ ಬರುತ್ತದೆ. ಬಿಂಗ್‌ನಲ್ಲೂ ಅದೇ ಪುಟಗಳು ಅದೇ ವಾರ ಇಳಿದಿದ್ದರೆ ಕಾರಣ ಬೇಡಿಕೆ ಅಥವಾ ನಿಮ್ಮ ಸರ್ವರ್. ಗೂಗಲ್‌ನಲ್ಲಿ ಮಾತ್ರ ಇಳಿದಿದ್ದರೆ ಕಾರಣ ಗೂಗಲ್‌ನೊಳಗಿನದು. ಬಿಂಗ್‌ನ ಸಂಖ್ಯೆ ಚಿಕ್ಕದಾದರೂ ದಿಕ್ಕು ತಿಳಿಯಲು ಸಾಕು.

2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನಿಯಮಗಳಿಗೂ ಮೂರು ಹೊಸ ಕಲಮುಗಳು ಸೇರಿದವು: ರ‍್ಯಾಂಕ್‌ಗೋಸ್ಕರ ರಾಶಿರಾಶಿ ಪುಟ ಹೆರುವುದು, ಅವಧಿ ಮುಗಿದ ಹಳೇ ಡೊಮೇನ್ ಕೊಂಡು ಅದರ ಹೆಸರಲ್ಲಿ ಬೇರೇನೋ ಬರೆಯುವುದು, ಹೆಸರಿರುವ ಸೈಟಿನ ಮೂಲೆಯನ್ನು ಮೂರನೆಯವರಿಗೆ ಬಾಡಿಗೆ ಕೊಡುವುದು. ಮೊದಲನೆಯದರಲ್ಲಿ ಬರೆದದ್ದು ಯಂತ್ರವೋ ಮನುಷ್ಯರೋ ಎಂಬುದು ಮುಖ್ಯವಲ್ಲ, ಓದುಗರಿಗೆ ಉಪಯೋಗವಿಲ್ಲದ ರಾಶಿ ಎಂಬುದೇ ಅಪರಾಧ.

ಹಂತ 5: ನಿಮ್ಮ ಜಾಗಕ್ಕೆ ಬಂದವರು ಯಾರು

ಸ್ಥಾನ ಇಳಿದ ಹತ್ತು ಮುಖ್ಯ ಹುಡುಕುಪದಗಳನ್ನು ತೆಗೆದುಕೊಳ್ಳಿ. ಮೊಬೈಲಿನಲ್ಲಿ, ಇನ್‌ಕಾಗ್ನಿಟೊದಲ್ಲಿ ಒಂದೊಂದನ್ನೇ ಹುಡುಕಿ, ಮೊದಲ ಹತ್ತು ಫಲಿತಾಂಶಗಳನ್ನು ಸ್ಪ್ರೆಡ್‌ಶೀಟಿಗೆ ಇಳಿಸಿ. ಇನ್‌ಕಾಗ್ನಿಟೊ ಹಾಕಿದರೂ ಊರಿನ ಪ್ರಭಾವ ಹೋಗುವುದಿಲ್ಲ. ಸಾಧ್ಯವಾದರೆ ಕಲಬುರಗಿಯಲ್ಲೋ ಮಂಗಳೂರಲ್ಲೋ ಇರುವ ಗೆಳೆಯರಿಂದಲೂ ಒಂದು ಸ್ಕ್ರೀನ್‌ಶಾಟ್ ತರಿಸಿ. ಪ್ರತಿ ಫಲಿತಾಂಶದ ಮುಂದೆ ಅದರ ಜಾತಿ ಬರೆಯಿರಿ: ಸರ್ಕಾರಿ ಸೈಟ್, ದಿನಪತ್ರಿಕೆ, ವಿಡಿಯೊ, ವಿಕಿಪೀಡಿಯ, ನಿಮ್ಮಂಥದೇ ಚಿಕ್ಕ ಸೈಟ್, ಅನುವಾದಿತ ಪುಟ.

ಈ ಕೊನೆಯ ಜಾತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಕನ್ನಡದಲ್ಲಿ ಹುಡುಕಿದಾಗ ತಕ್ಕ ಪುಟ ಸಾಕಷ್ಟಿಲ್ಲವೆಂದು ಕಂಡರೆ ಗೂಗಲ್ ಇಂಗ್ಲಿಷ್ ಪುಟದ ಶೀರ್ಷಿಕೆ, ಸಾರಾಂಶಗಳನ್ನು ತಾನೇ ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ಒತ್ತಿದರೆ ಇಡೀ ಪುಟ ಯಂತ್ರಾನುವಾದದಲ್ಲಿ ತೆರೆಯುತ್ತದೆ. ಅಂದರೆ ನಿಮ್ಮ ಎದುರಾಳಿ ಇನ್ನೊಂದು ಕನ್ನಡ ಸೈಟೇ ಆಗಿರಬೇಕಿಲ್ಲ. ಕನ್ನಡ ಬಾರದ ದೊಡ್ಡ ಆರೋಗ್ಯ ಸೈಟೋ ಹಣಕಾಸು ಸೈಟೋ ಇರಬಹುದು. ಇವರ ಎದುರು ಗೆಲ್ಲುವುದು ಉಳಿದವರ ಎದುರು ಗೆಲ್ಲುವುದಕ್ಕಿಂತ ಸುಲಭ ಎನ್ನುವುದು ನಮ್ಮ ಅಭಿಪ್ರಾಯ. ಸಾಮಾನ್ಯ ಮಾಹಿತಿ ಅವರಲ್ಲಿ ಎಷ್ಟಿದ್ದರೂ ನಾಡಕಚೇರಿಯಲ್ಲಿ ಯಾವ ಕಾಗದ ಕೇಳುತ್ತಾರೆ, ಪಹಣಿಯಲ್ಲಿ ಹೆಸರು ತಪ್ಪಿದ್ದರೆ ಎಲ್ಲಿಗೆ ಹೋಗಬೇಕು ಎನ್ನುವುದು ಅವರಲ್ಲಿಲ್ಲ.

ಪಟ್ಟಿ ಕೈಗೆ ಬಂದ ಮೇಲೆ ಮೂರು ಪ್ರಶ್ನೆ ಕೇಳಿ.

ಮೊದಲನೆಯದು, ಓದುಗರ ಪ್ರಶ್ನೆಯೇ ಬದಲಾಗಿದೆಯೇ? ಗೃಹಲಕ್ಷ್ಮಿಯನ್ನೇ ನೋಡಿ. 2023ರ ಜುಲೈನಲ್ಲಿ ನೋಂದಣಿ ಶುರುವಾದಾಗ ಜನರಿಗೆ ಬೇಕಿದ್ದದ್ದು ಅರ್ಜಿ ಹಾಕುವುದು ಹೇಗೆ ಎಂಬುದು. ಆಗಸ್ಟ್ 30ರಂದು ಯೋಜನೆಗೆ ಚಾಲನೆ ಸಿಕ್ಕು ತಿಂಗಳಿಗೆ ₹2,000 ಜಮೆಯಾಗತೊಡಗಿದ ಮೇಲೆ ಅದೇ ಪದದ ಹಿಂದಿನ ಪ್ರಶ್ನೆ ಬೇರೆಯಾಯಿತು: ನನ್ನ ಹಣ ಬಂತೇ, ಬರದಿದ್ದರೆ ಏನು ಕಾರಣ, ಆಧಾರ್ ಜೋಡಣೆ ಸರಿಯಿದೆಯೇ. ಅರ್ಜಿ ಹಾಕುವ ವಿಧಾನವನ್ನೇ ಮೇಲಿಟ್ಟುಕೊಂಡು ಕೂತ ಪುಟ ಎಷ್ಟೇ ಚೆನ್ನಾಗಿದ್ದರೂ ಕೆಳಗಿಳಿಯಲೇಬೇಕು. ಮೊದಲ ಮೂರು ಫಲಿತಾಂಶಗಳೂ ಒಂದೇ ಪ್ರಶ್ನೆಗೆ ಉತ್ತರಿಸುತ್ತಿದ್ದು, ನಿಮ್ಮದು ಬೇರೆ ಪ್ರಶ್ನೆಗೆ ಉತ್ತರಿಸುತ್ತಿದ್ದರೆ ರೋಗ ಇದೇ.

ಎರಡನೆಯದು, ನಿಮಗೆ ನೀವೇ ಪೈಪೋಟಿಯೇ? ‘9ನೇ ಕಂತು ಯಾವಾಗ’, ‘10ನೇ ಕಂತು ಯಾವಾಗ’ ಎಂದು ತಿಂಗಳಿಗೊಂದು ಪುಟ ಮಾಡಿದ ಸೈಟುಗಳಲ್ಲಿ ಇದು ದೊಡ್ಡ ಕಾಯಿಲೆ. ಪತ್ತೆಗೆ ಹುಡುಕುಪದವನ್ನು ಫಿಲ್ಟರ್ ಮಾಡಿ ‘ಪೇಜಸ್’ ಟ್ಯಾಬ್ ನೋಡಿ. ಒಂದೇ ಪದಕ್ಕೆ ನಾಲ್ಕೈದು ಪುಟಗಳು ಇಂಪ್ರೆಷನ್ ಹಂಚಿಕೊಂಡು, ಯಾವುದೂ ಮೊದಲ ಹತ್ತರಲ್ಲಿಲ್ಲವಾದರೆ ಕೂಡಿಸಿ. ಹೆಚ್ಚು ಹೊರಗಿನ ಕೊಂಡಿ ಮತ್ತು ಕ್ಲಿಕ್ ಇರುವ ಪುಟವನ್ನು ಉಳಿಸಿ, ಉಳಿದವುಗಳ ಕೆಲಸಕ್ಕೆ ಬರುವ ಭಾಗವನ್ನು ಅದಕ್ಕೆ ಸೇರಿಸಿ, ಖಾಲಿಯಾದವನ್ನು 301ರಿಂದ ಇದಕ್ಕೆ ತಿರುಗಿಸಿ, ಒಳಗಿನ ಕೊಂಡಿಗಳನ್ನೂ ಹೊಸ ವಿಳಾಸಕ್ಕೇ ತಿದ್ದಿ. ಮುಂದೆ ಪ್ರತಿ ಕಂತಿನ ಸುದ್ದಿಗೂ ಅದೇ ಪುಟ, ಹೊಸ ವಿಳಾಸ ಬೇಡ.

ಮೂರನೆಯದು, ಎದುರಾಳಿ ಪುಟದಲ್ಲಿ ನಿಜವಾಗಿ ಏನು ಹೆಚ್ಚಿದೆ? ಪುಟಗಳ ಹಳೇ ಪ್ರತಿ ಇಟ್ಟಿರುವ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟದ ಆರು ತಿಂಗಳ ಹಿಂದಿನ ರೂಪ ಸಿಕ್ಕರೆ ಈಗಿನದರ ಪಕ್ಕದಲ್ಲಿಟ್ಟು ಓದಿ. ಪದಗಳ ಸಂಖ್ಯೆ ಎಣಿಸಿ ಪ್ರಯೋಜನವಿಲ್ಲ. ಉತ್ತರ ಎಷ್ಟು ಮೇಲಿದೆ, ಸ್ವಂತ ಫೋಟೊ ಅಥವಾ ಸ್ಕ್ರೀನ್‌ಶಾಟ್ ಇದೆಯೇ, ಮೂಲ ಆದೇಶದ ಸಂಖ್ಯೆ ಮತ್ತು ದಿನಾಂಕ ಕೊಟ್ಟಿದ್ದಾರೆಯೇ, ಬರೆದವರು ಯಾರೆಂದು ಗೊತ್ತಾಗುತ್ತದೆಯೇ ನೋಡಿ. ಸರ್ಕಾರಿ ಸುತ್ತೋಲೆಗಳು ಹಳೇ ನುಡಿ, ಬರಹ ಫಾಂಟಿನಲ್ಲೋ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲೋ ಇರುತ್ತವೆ, ಅವುಗಳೊಳಗಿನ ಮಾತು ಹುಡುಕಾಟಕ್ಕೆ ಸರಿಯಾಗಿ ಸಿಗುವುದಿಲ್ಲ. ಮುಖ್ಯ ಸಾಲುಗಳನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ ಹಾಕುವವರು ಬಹಳ ಕಮ್ಮಿ. ಈ ದುಡಿಮೆಗೆ ಪ್ರತಿಫಲ ಇದೆ.

ವೇಗದ ಬಗ್ಗೆ ಎರಡು ಮಾತು ಸಾಕು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಪುಟದ ಅಲುಗಾಟದ ಅಂಕ 0.1 ಮೀರಬಾರದು, ನಾಲ್ಕರಲ್ಲಿ ಮೂರು ಭೇಟಿಗಳಿಗೆ ಈ ಮಟ್ಟ ಸಿಗಬೇಕು. ಕನ್ನಡ ಸೈಟುಗಳಲ್ಲಿ ಅಲುಗಾಟ ಹೆಚ್ಚು ಬರುವುದು ವೆಬ್‌ಫಾಂಟ್ ತಡವಾಗಿ ಇಳಿದು ಸಾಲುಗಳ ಎತ್ತರ ಬದಲಾಗುವುದರಿಂದ ಮತ್ತು ಜಾಗ ಕಾದಿರಿಸದೆ ಹಾಕಿದ ಜಾಹೀರಾತಿನಿಂದ. ಸರಿಪಡಿಸಿ, ಆದರೆ ಇದೊಂದರಿಂದ 30ನೇ ಸ್ಥಾನ 3ಕ್ಕೇರುವುದಿಲ್ಲ.

ಎಐ ಉತ್ತರ ಕ್ಲಿಕ್ ನುಂಗಿದ್ದರೆ

ಭಾರತದಲ್ಲಿ ಎಐ ಓವರ್‌ವ್ಯೂ (ಫಲಿತಾಂಶಗಳ ಮೇಲೆ ಕಾಣುವ ಎಐ ಸಾರಾಂಶ) 2024ರ ಆಗಸ್ಟ್‌ನಲ್ಲಿ ಬಂತು, ಎಐ ಮೋಡ್ (ಮಾತುಕತೆಯಂತೆ ಉತ್ತರಿಸುವ ಹುಡುಕಾಟ) 2025ರಲ್ಲಿ. ಎಐ ಮೋಡ್ ಅದೇ ವರ್ಷ ಕನ್ನಡಕ್ಕೂ ವಿಸ್ತರಿಸಿತು. ಇವುಗಳ ಕ್ಲಿಕ್, ಇಂಪ್ರೆಷನ್‌ಗಳು ಸರ್ಚ್ ಕನ್ಸೋಲ್‌ನ ವೆಬ್ ಮೊತ್ತದೊಳಗೇ ಸೇರುತ್ತವೆ. ಎಐ ಓವರ್‌ವ್ಯೂ ಒಳಗಿನ ಎಲ್ಲ ಕೊಂಡಿಗಳಿಗೂ ಒಂದೇ ಸ್ಥಾನ ದಾಖಲಾಗುವುದರಿಂದ, 2ನೇ ಸ್ಥಾನ ಎಂದು ಕಂಡರೂ ನೀವು ಮಡಚಿಟ್ಟ ಪಟ್ಟಿಯ ಒಳಗಿರಬಹುದು. ಗುರುತಿಸುವ ದಾರಿ ಒಂದೇ: ಸ್ಥಾನ ಬದಲಾಗದೆ ಸಿಟಿಆರ್ ಇಳಿದ ಹುಡುಕುಪದಗಳ ಪಟ್ಟಿ ಮಾಡಿ, ಕೈಯಾರೆ ಹುಡುಕಿ ನೋಡುವುದು.

ಒಂದೇ ವಾಕ್ಯದಲ್ಲಿ ಉತ್ತರ ಮುಗಿಯುವ ಪ್ರಶ್ನೆಗಳು, ಉದಾಹರಣೆಗೆ ವಯೋಮಿತಿ ಎಷ್ಟು, ಕೊನೆಯ ದಿನ ಯಾವುದು ಎಂಬಂಥವು, ಹೋದವೆಂದೇ ತಿಳಿಯಿರಿ. ಅರ್ಜಿ ತಿರಸ್ಕೃತವಾದಾಗ ಏನು ಮಾಡಬೇಕು, ಯಾವ ಪರದೆಯಲ್ಲಿ ಯಾವ ಗುಂಡಿ ಎಂಬಂಥವುಗಳಿಗೆ ಜನ ಇನ್ನೂ ಪುಟ ತೆರೆಯುತ್ತಾರೆ. ಬರೆಯುವ ಸಮಯವನ್ನು ಅತ್ತ ಹರಿಸಿ.

ಹಂತ 6: ರಿಪೇರಿ ಮತ್ತು ಕಾಯುವಿಕೆ

ತಾಂತ್ರಿಕ ತಪ್ಪನ್ನು ಸಿಕ್ಕ ದಿನವೇ ಸರಿಪಡಿಸಿ. ಬರಹದ ತಿದ್ದುಪಡಿಯನ್ನು ಮಾತ್ರ ಗುಂಪು ಮಾಡಿ: ಕೆಳಗಿಳಿದ ಹತ್ತು ಪುಟ ತಿದ್ದಿ, ಅಂಥವೇ ಇನ್ನು ಹತ್ತನ್ನು ಹಾಗೇ ಬಿಡಿ. ಯಾವ ಪುಟದಲ್ಲಿ ಏನು, ಯಾವ ದಿನ ಬದಲಿಸಿದಿರಿ ಎಂದು ಸ್ಪ್ರೆಡ್‌ಶೀಟಿನಲ್ಲಿ ಬರೆಯಿರಿ. ನಾಲ್ಕರಿಂದ ಆರು ವಾರದ ನಂತರ ಎರಡು ಗುಂಪುಗಳ ವ್ಯತ್ಯಾಸ ನೋಡಿದರೆ ತಿದ್ದಿದ್ದು ಕೆಲಸ ಮಾಡಿತೋ, ಎಲ್ಲವೂ ತಾನಾಗಿ ಏರಿತೋ ತಿಳಿಯುತ್ತದೆ.

ಕೋರ್ ಅಪ್‌ಡೇಟ್‌ನಲ್ಲಿ ಬಿದ್ದ ಪುಟ ಕೆಲವೇ ದಿನದಲ್ಲಿ ಚೇತರಿಸಿಕೊಳ್ಳಬಹುದು, ಹಲವು ತಿಂಗಳೂ ಹಿಡಿಯಬಹುದು, ಕೆಲವೊಮ್ಮೆ ಮುಂದಿನ ಕೋರ್ ಅಪ್‌ಡೇಟ್‌ವರೆಗೆ ಕದಲದೆ ಇರಬಹುದು. ಆ ನಡುವೆ ಮಾಡಬಾರದ್ದು ಕೆಲವುಂಟು. ಬರಹ ಮುಟ್ಟದೆ ದಿನಾಂಕ ಮಾತ್ರ ಬದಲಿಸುವುದರಿಂದ ಏನೂ ಸಿಗದು. ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಅನ್ನು ಮತ್ತೆ ಮತ್ತೆ ಒತ್ತಿದರೆ ಸರದಿ ಮುಂದೆ ಬರುವುದಿಲ್ಲ. ಬ್ಯಾಕ್‌ಲಿಂಕ್ (ಬೇರೆ ಸೈಟಿನಿಂದ ನಿಮ್ಮತ್ತ ಬರುವ ಕೊಂಡಿ) ಪ್ಯಾಕೇಜ್ ಕೊಳ್ಳುವುದು ಸ್ಪ್ಯಾಮ್ ನಿಯಮದ ನೇರ ಉಲ್ಲಂಘನೆ. ಗುರುತಿಲ್ಲದ ಸೈಟುಗಳಿಂದ ಬಂದ ಕಸದ ಕೊಂಡಿಗಳನ್ನು ಗೂಗಲ್ ತಾನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊಂಡಿಗಳ ಬಗ್ಗೆ ಮ್ಯಾನ್ಯುಯಲ್ ಆ್ಯಕ್ಷನ್ ಬಾರದಿದ್ದರೆ ಕೊಂಡಿಗಳನ್ನು ಲೆಕ್ಕಿಸಬೇಡಿ ಎಂದು ಗೂಗಲ್‌ಗೆ ಹೇಳುವ ‘ಡಿಸಅವೋ’ ಉಪಕರಣ ಮುಟ್ಟುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಹಳೇ ಪುಟಗಳನ್ನು ಸಾಲುಸಾಲಾಗಿ ಡಿಲೀಟ್ ಮಾಡುವ ಮೊದಲು 16 ತಿಂಗಳ ಲೆಕ್ಕ ನೋಡಿ. ವರ್ಷಕ್ಕೊಮ್ಮೆ ಮಾತ್ರ ಓಡುವ ಹಬ್ಬದ ಪುಟಗಳು ಅದರಲ್ಲಿ ಸೇರಿರುತ್ತವೆ.

ಕೆಲವು ಹುಡುಕುಪದಗಳನ್ನು ಬಿಟ್ಟುಕೊಡುವುದೂ ರಿಪೇರಿಯ ಭಾಗವೇ. ‘ಎಸ್ಸೆಸ್ಸೆಲ್ಸಿ ಫಲಿತಾಂಶ’ ಎಂದು ಹುಡುಕುವ ವಿದ್ಯಾರ್ಥಿಗೆ ಬೇಕಾದದ್ದು ಸರ್ಕಾರದ ಫಲಿತಾಂಶದ ಪುಟ. ಅಲ್ಲಿ ನೀವು ಮೇಲಿದ್ದದ್ದೇ ತಾತ್ಕಾಲಿಕವಾಗಿತ್ತು. ಆ ಸಾಲಿನ ಮುಂದೆ ‘ಬಿಟ್ಟದ್ದು’ ಎಂದು ಬರೆದು, ಮರುಎಣಿಕೆಗೆ ಅರ್ಜಿ, ಉತ್ತರಪತ್ರಿಕೆಯ ಪ್ರತಿ ಪಡೆಯುವುದು, ಎರಡನೇ ಪರೀಕ್ಷೆಯ (ಪರೀಕ್ಷೆ-2) ಶುಲ್ಕ ಎಂಬ ಪದಗಳನ್ನು ಕೆಳಗೆ ಸೇರಿಸಿ. ಈ ಪುಟಗಳು ಫಲಿತಾಂಶಕ್ಕೆ ಒಂದು ತಿಂಗಳು ಮುಂಚೆಯೇ ಇಂಡೆಕ್ಸ್ ಆಗಿರಬೇಕು. ಫಲಿತಾಂಶದ ದಿನ ಹೊಸ ವಿಳಾಸ ತೆರೆಯದೆ, ಅದೇ ಪುಟದಲ್ಲಿ ದಿನಾಂಕ ಮತ್ತು ಶುಲ್ಕಗಳನ್ನಷ್ಟೇ ತುಂಬಿ.